ಫಾಲ್ ಕುಂಬಳಕಾಯಿ: ಮೊದಲು ಬಾಗಿಲಿಗೆ, ಆಮೇಲೆ ಬಾಣಲೆಗೆ

ಸೆಪ್ಟೆಂಬರ್ ಮುಗಿಯುತ್ತಾ ಫಾಲ್, ಅಂದರೆ ಶರತ್ಕಾಲ, ಬಂತೆಂದರೆ ಅಮೆರಿಕದಲ್ಲಿ ಯಾವ ಅಂಗಡಿಗೆ ಹೋದರೂ ಬಾಗಿಲಲ್ಲೇ ಕುಂಬಳಕಾಯಿ ರಾಶಿ. ಮಕ್ಕಳಿರುವ ಮನೆಗಳಿಗಂತೂ ಒಂದಾದರೂ ಬಂದೇ ಬರುತ್ತದೆ. ಅಕ್ಟೋಬರ್ 31ರ ಹ್ಯಾಲೋವೀನ್‌ಗೆ ಕಣ್ಣು, ಮೂಗು, ಹಲ್ಲು ಕೊರೆದು ಮೆಟ್ಟಿಲ ಮೇಲೆ ಇಡುತ್ತಾರೆ. ನವೆಂಬರ್ ಮೊದಲ ವಾರ ಅದು ಕಸದ ಡಬ್ಬಿ ಸೇರುತ್ತದೆ. ಹುಳಿ, ಪಲ್ಯ, ಗಾರಿಗೆ, ಸಿಪ್ಪೆ ಚಟ್ನಿ ಅಂತ ಕುಂಬಳಕಾಯಿಯ ಒಂದು ಚೂರನ್ನೂ ಬಿಡದೆ ತಿಂದು ಬೆಳೆದು ಇಲ್ಲಿಗೆ ಬಂದ ನಾವೂ ಹೀಗೆ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ನಾನು ಹೇಳುವ ಉಪಾಯ ತುಂಬಾ ಸರಳ. ಚಾಕು ಹಾಕುವುದನ್ನು ಆದಷ್ಟು ಮುಂದೆ ಹಾಕಿ. ಒಳ್ಳೆಯ ಕಾಯಿ ಇಡಿಯಾಗಿದ್ದರೆ ತಂಪಾದ ಜಾಗದಲ್ಲಿ ಎರಡು ಮೂರು ತಿಂಗಳು ಬಾಳುತ್ತದೆ. ಕೊಯ್ದ ಮೇಲೆ ನಾಲ್ಕೈದು ದಿನದ ಮಾತು. ಹಾಗಾಗಿ ಕೊಯ್ಯದೆ ಮಾಡುವ ಅಲಂಕಾರ ಮೊದಲು, ಅಡುಗೆ ಆಮೇಲೆ. ಕೊರೆಯುವ ಆಸೆ ಇದ್ದರೆ ಅದಕ್ಕೇ ಅಂತ ಬೇರೆ ಒಂದು ಕಾಯಿ ತನ್ನಿ. ನವರಾತ್ರಿಯಿಂದ ಥ್ಯಾಂಕ್ಸ್‌ಗಿವಿಂಗ್‌ವರೆಗೆ ಏನೇನು ಮಾಡಬಹುದು ಅಂತ ಅದೇ ಕ್ರಮದಲ್ಲಿ ಹೇಳುತ್ತಾ ಹೋಗುತ್ತೇನೆ.

ಯಾವ ಕಾಯಿ ತರಬೇಕು

ಅಂಗಡಿ ಮುಂದೆ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಟ್ಟಿರುವ ದೊಡ್ಡ ಕಿತ್ತಳೆ ಬಣ್ಣದ ಕಾಯಿ ಕೊರೆಯಲಿಕ್ಕೆಂದೇ ಬೆಳೆದದ್ದು. ಹೌಡನ್ ಎಂಬ ತಳಿ ಇದರಲ್ಲಿ ಹೆಸರುವಾಸಿ. ನೆಟ್ಟಗೆ ನಿಲ್ಲುತ್ತದೆ, ತೊಟ್ಟು ಗಟ್ಟಿ, ನೋಡಲು ಚಂದ. ಆದರೆ ತಿರುಳು ನಾರುನಾರು, ನೀರು ಜಾಸ್ತಿ, ಸಿಹಿ ಕಡಿಮೆ. ಇದರ ಪಲ್ಯ ಮಾಡಿ ತಿಂದವರು "ಈ ದೇಶದ ಕುಂಬಳಕಾಯಿಗೆ ರುಚಿಯೇ ಇಲ್ಲ" ಅನ್ನುತ್ತಾರೆ. ತಪ್ಪು ಕಾಯಿ ಆರಿಸಿದರೆ ಹಾಗೇ ಆಗುವುದು.

ಅಡುಗೆಗೆ ಒಳಗಡೆ ತರಕಾರಿ ವಿಭಾಗಕ್ಕೆ ಹೋಗಿ. ಅಲ್ಲಿ ಎರಡು ಮೂರು ಪೌಂಡ್ ತೂಗುವ ಚಿಕ್ಕ ಕಾಯಿ 'ಪೈ ಪಂಪ್ಕಿನ್' ಅಥವಾ 'ಶುಗರ್ ಪಂಪ್ಕಿನ್' ಅನ್ನುವ ಹೆಸರಲ್ಲಿ ಸಿಗುತ್ತದೆ. ಅದಕ್ಕಿಂತಲೂ ನಮ್ಮ ಅಡುಗೆಗೆ ಹೊಂದುವುದು ಬಟರ್‌ನಟ್ ಮತ್ತು ಕಬೋಚಾ. ಕೊರೆಯುವ ಕಾಯಿಯೂ ಪೈ ಪಂಪ್ಕಿನ್ನೂ ಕುಕುರ್ಬಿಟಾ ಪೆಪೊ ಜಾತಿಯವು. ನಮ್ಮೂರಿನ ಸಿಹಿಗುಂಬಳ, ಕರಾವಳಿಯವರು ಚೀನಿಕಾಯಿ ಅನ್ನುವುದು, ಬಹುಮಟ್ಟಿಗೆ ಕುಕುರ್ಬಿಟಾ ಮೊಸ್ಕಾಟಾ. ಬಟರ್‌ನಟ್ ಕೂಡ ಮೊಸ್ಕಾಟಾವೇ. ಸೋರೆಕಾಯಿಯ ಆಕಾರ ನೋಡಿ ಇದು ಬೇರೆ ಏನೋ ಅಂದುಕೊಳ್ಳಬೇಡಿ. ಹುಳಿಗೆ ಹಾಕಿ ನೋಡಿ, ಊರಿನ ರುಚಿ ಬರುತ್ತದೆ. ಕಬೋಚಾ ಮ್ಯಾಕ್ಸಿಮಾ ಜಾತಿ. ಹಸಿರು ಸಿಪ್ಪೆ, ಗೆಣಸಿನಷ್ಟು ಹಿಟ್ಟುಹಿಟ್ಟು.

ಡಬ್ಬಿಯ ಕುಂಬಳಕಾಯಿಯ ಬಗ್ಗೆ ನಮ್ಮವರಿಗೆ ಅನುಮಾನ ಜಾಸ್ತಿ. ಅಮೆರಿಕದಲ್ಲಿ ಅತಿ ಹೆಚ್ಚು ಕುಂಬಳಕಾಯಿ ಬೆಳೆಯುವುದು ಇಲಿನಾಯ್ ರಾಜ್ಯದಲ್ಲಿ. ಅದರ ಬಹುಪಾಲು ಡಬ್ಬಿಗೇ ಹೋಗುತ್ತದೆ. ಅಲ್ಲಿನ ಮಾರ್ಟನ್ ಊರಿನಲ್ಲಿ ಲಿಬ್ಬೀಸ್ ಕಾರ್ಖಾನೆ ಇದೆ. ಅವರು ಬಳಸುವ ಡಿಕಿನ್ಸನ್ ತಳಿ ಕೂಡ ಮೊಸ್ಕಾಟಾ. ಅಂದರೆ ಆ ಡಬ್ಬಿಯಲ್ಲಿರುವುದು ಮೆಟ್ಟಿಲ ಮೇಲಿನ ಕಿತ್ತಳೆ ಕಾಯಿಗಿಂತ ನಮ್ಮ ಚೀನಿಕಾಯಿಗೇ ಹತ್ತಿರದ ನೆಂಟ. ಒಂದೇ ಎಚ್ಚರ: 'ಪಂಪ್ಕಿನ್ ಪೈ ಮಿಕ್ಸ್' ಅಂತ ಬರೆದ ಡಬ್ಬಿ ತರಬೇಡಿ. ಅದರಲ್ಲಿ ಸಕ್ಕರೆ, ಚಕ್ಕೆ, ಲವಂಗ ಮೊದಲೇ ಸೇರಿರುತ್ತದೆ. '100% ಪ್ಯೂರ್ ಪಂಪ್ಕಿನ್' ಅಂತ ಇರಬೇಕು.

ಕಾಯಿ ಆರಿಸುವಾಗ ತೊಟ್ಟು ನೋಡಿ. ಒಂದೆರಡು ಇಂಚು ಗಟ್ಟಿ ತೊಟ್ಟು ಇರಬೇಕು. ತೊಟ್ಟು ಮುರಿದ ಕಾಯಿ ಅಲ್ಲಿಂದಲೇ ಕೊಳೆಯಲು ಶುರುವಾಗುತ್ತದೆ. ಹಾಗಾಗಿ ತೊಟ್ಟು ಹಿಡಿದು ಎತ್ತುವುದೂ ಬೇಡ. ಉಗುರು ಒತ್ತಿದರೆ ಸಿಪ್ಪೆಗೆ ಇಳಿಯಬಾರದು. ತಿರುಗಿಸಿ ತಳ ಮುಟ್ಟಿ ನೋಡಿ, ಮೆತ್ತಗಿದ್ದರೆ ಬಿಟ್ಟುಬಿಡಿ. ಮನೆಗೆ ತಂದ ಮೇಲೆ ತಳಕ್ಕೆ ರಟ್ಟು ಹಾಕಿ, ಬಿಸಿಲು ಬೀಳದ ಕಡೆ ಇಡಿ. 50ರಿಂದ 55 ಡಿಗ್ರಿ ಫ್ಯಾರನ್‌ಹೀಟ್ ಇರುವ ಜಾಗ ಅದಕ್ಕೆ ಹೇಳಿ ಮಾಡಿಸಿದ್ದು. ಹೆಚ್ಚಿನ ಮನೆಗಳಲ್ಲಿ ಅದು ಬೇಸ್‌ಮೆಂಟ್ ಅಥವಾ ಗರಾಜ್.

ಅಂದ ಹಾಗೆ, ಆಯುಧಪೂಜೆಗೆ ಕಾರಿನ ಮುಂದೆ ಒಡೆಯುವ ಬೂದುಗುಂಬಳ ಹುಡುಕುತ್ತಿದ್ದರೆ ಚೈನೀಸ್ ಅಂಗಡಿಯಲ್ಲಿ 'ವಿಂಟರ್ ಮೆಲನ್' ಅಂತ ಕೇಳಿ.

ಕೊಯ್ಯದೆಯೇ ಅಲಂಕಾರ

ಇಡೀ ಕಾಯಿಯ ಮೇಲೆ ಅಕ್ಕಿಹಿಟ್ಟಿನ ರಂಗೋಲಿ ಬಿಡಿಸುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಅಕ್ರಿಲಿಕ್ ಬಣ್ಣ ಬಳಿದರೆ ಆ ಕಾಯಿಯನ್ನು ಅಡುಗೆಗೆ ಬಳಸುವ ಹಾಗಿಲ್ಲ. ಅಕ್ಕಿಹಿಟ್ಟಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು, ಕಾಯಿ ಸೀದಾ ಅಡುಗೆಮನೆಗೆ.

ಕಾಯಿಯನ್ನು ತೊಳೆದು ಪೂರ್ತಿ ಒರೆಸಿ. ಅಂಗಡಿಯ ಕಾಯಿಗೆ ಕೆಲವೊಮ್ಮೆ ಮೇಣ ಹಚ್ಚಿರುತ್ತಾರೆ. ಹಿಟ್ಟು ಹಿಡಿಯದೆ ಜಾರುತ್ತಿದ್ದರೆ ಬೆಚ್ಚಗಿನ ನೀರಿಗೆ ಒಂಚೂರು ಪಾತ್ರೆ ತೊಳೆಯುವ ಸೋಪು ಹಾಕಿ ಉಜ್ಜಿ. ಎರಡು ಚಮಚ ನುಣ್ಣನೆ ಅಕ್ಕಿಹಿಟ್ಟಿಗೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ ನೀರುದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿ ಕಲಸಿ. ಕಾಲು ಚಮಚ ಮೈದಾ ಸೇರಿಸಿ ಒಂದು ಕುದಿ ಬರಿಸಿಕೊಂಡರೆ ಒಣಗಿದ ಮೇಲೆ ಉದುರುವುದಿಲ್ಲ. ಇಯರ್ ಬಡ್ ಅದ್ದಿ ಚುಕ್ಕಿ ಇಡಿ, ಸಣ್ಣ ಬ್ರಷ್‌ನಲ್ಲಿ ಗೆರೆ ಎಳೆಯಿರಿ. ಕುಂಬಳಕಾಯಿಯ ಮೈಮೇಲೆ ದೇವರೇ ಎಳೆದಿಟ್ಟ ಗೀರುಗಳಿವೆಯಲ್ಲ, ಅವೇ ಸಾಲು. ಎರಡು ಗೀರುಗಳ ನಡುವಿನ ಉಬ್ಬಿನ ಮೇಲೆ ಒಂದು ಸಾಲು ಚುಕ್ಕಿ, ಪಕ್ಕದ ಉಬ್ಬಿನ ಮೇಲೆ ಬಳ್ಳಿ, ಹೀಗೆ ಬಿಡಿಸುತ್ತಾ ಹೋದರೆ ಸ್ಕೇಲೂ ಬೇಡ, ಅಳತೆಯೂ ಬೇಡ. ಬಣ್ಣ ಬೇಕಾದರೆ ಅರಿಶಿನ, ಕುಂಕುಮ ಇದ್ದೇ ಇದೆ.

ಇದನ್ನು ಮನೆಯೊಳಗೆ ಗೊಂಬೆ ಹಬ್ಬದ ಮೆಟ್ಟಿಲ ಪಕ್ಕ ಇಡಿ. ಹೊರಗಿಟ್ಟರೆ ಅಳಿಲುಗಳು ಹಿಟ್ಟಿನ ಜೊತೆಗೆ ಕಾಯಿಯನ್ನೂ ಕಡಿಯುತ್ತವೆ.

ಚುಕ್ಕಿ ರಂಗೋಲಿಯ ಲಾಟೀನು

ಹ್ಯಾಲೋವೀನ್ ದೀಪ ಶುರುವಾದದ್ದು ಐರ್ಲೆಂಡ್ ಕಡೆ. ಅಲ್ಲಿ ಟರ್ನಿಪ್ ಗೆಡ್ಡೆಯಲ್ಲಿ ಮುಖ ಕೆತ್ತುತ್ತಿದ್ದರು. 19ನೇ ಶತಮಾನದಲ್ಲಿ ವಲಸೆ ಬಂದ ಐರಿಷರಿಗೆ ಇಲ್ಲಿ ದೊಡ್ಡದಾದ, ಕೊರೆಯಲು ಸುಲಭವಾದ ಕುಂಬಳಕಾಯಿ ಸಿಕ್ಕಿತು. ಬಂದ ಊರಿನ ಕಾಯಿಗೆ ತಮ್ಮ ಊರಿನ ಪದ್ಧತಿ ಸೇರಿಸಿದರು. ನಾವೂ ಅದನ್ನೇ ಮಾಡಬಹುದು. ದೀಪಾವಳಿಯೂ ಇದೇ ದಿನಗಳಲ್ಲಿ ಬರುತ್ತದೆ. 2024ರಲ್ಲಂತೂ ನರಕ ಚತುರ್ದಶಿ ಮತ್ತು ಹ್ಯಾಲೋವೀನ್ ಎರಡೂ ಅಕ್ಟೋಬರ್ 31ರಂದೇ ಬಿದ್ದವು. ಚುಕ್ಕಿ ರಂಗೋಲಿ ಕೊರೆದ ಲಾಟೀನು ಎರಡು ಹಬ್ಬಕ್ಕೂ ಆಗುತ್ತದೆ. ಗರಗಸಕ್ಕಿಂತ ಡ್ರಿಲ್‌ನಲ್ಲಿ ಕೆಲಸ ಬೇಗ ಆಗುತ್ತದೆ, ಚಂದವೂ ಹೆಚ್ಚು.

1. ಹಬ್ಬಕ್ಕೆ ಎರಡು ಮೂರು ದಿನ ಮುಂಚೆ ಶುರು ಮಾಡಿ, ಅದಕ್ಕಿಂತ ಮೊದಲು ಬೇಡ. ಅಕ್ಟೋಬರ್ ಬಿಸಿಲು ಜೋರಾಗಿದ್ದರೆ ಕೊರೆದ ಕಾಯಿ ಬೇಗ ಕುಸಿಯುತ್ತದೆ.

2. ತೊಟ್ಟಿನ ಸುತ್ತ ಮುಚ್ಚಳ ಕೊಯ್ಯುವ ಬದಲು ತಳದಲ್ಲಿ ಅಂಗೈ ಅಗಲದ ವೃತ್ತ ಕೊಯ್ಯಿರಿ. ಮೇಲೆ ಮುಚ್ಚಳ ಇದ್ದರೆ ಒಣಗಿ ಒಳಗೆ ಬೀಳುತ್ತದೆ. ತಳ ತೆರೆದಿದ್ದರೆ ದೀಪದ ಮೇಲೆ ಕಾಯಿಯನ್ನು ಮುಚ್ಚಿಟ್ಟರೆ ಸಾಕು.

3. ಬೀಜ, ನಾರು ತೆಗೆದು ಗಟ್ಟಿ ಸೌಟಿನಿಂದ ಒಳಗೋಡೆ ಹೆರೆಯಿರಿ. ಗೋಡೆ ಒಂದು ಇಂಚು ದಪ್ಪ ಉಳಿದರೆ ಸರಿ. ಶುದ್ಧವಾದ ಸೌಟು, ಪಾತ್ರೆ ಬಳಸಿದರೆ ಹೀಗೆ ಹೆರೆದ ತಿರುಳು ಅಡುಗೆಗೆ ಬರುತ್ತದೆ. ತಕ್ಷಣ ಫ್ರಿಜ್‌ಗೆ ಸೇರಿಸಿ.

4. ಕಾಗದದ ಮೇಲೆ 5 ಚುಕ್ಕಿ 5 ಸಾಲಿನ ರಂಗೋಲಿ ಬರೆದು ಟೇಪ್ ಹಚ್ಚಿ ಅಂಟಿಸಿ. ದುಂಡು ಮೈಗೆ ಕಾಗದ ಸುಕ್ಕಾಗುತ್ತದೆ, ಅಂಚಿನಲ್ಲಿ ನಾಲ್ಕು ಕಡೆ ಕತ್ತರಿಸಿದರೆ ಕೂರುತ್ತದೆ. ಪ್ರತಿ ಚುಕ್ಕಿಗೂ ಪಿನ್ ಚುಚ್ಚಿ ಗುರುತು ಮಾಡಿ ಕಾಗದ ತೆಗೆಯಿರಿ.

5. ಮುಖ್ಯ ಚುಕ್ಕಿಗಳಿಗೆ ಅರ್ಧ ಇಂಚಿನ ಬಿಟ್, ನಡುವಿನವಕ್ಕೆ ಕಾಲು ಇಂಚಿನದು. ಡ್ರಿಲ್ ನಿಧಾನಕ್ಕೆ ಓಡಲಿ, ಒತ್ತಬೇಡಿ. ಎರಡು ತೂತುಗಳ ನಡುವೆ ಕನಿಷ್ಠ ಅರ್ಧ ಇಂಚು ಗೋಡೆ ಬಿಡಿ, ಇಲ್ಲದಿದ್ದರೆ ಎರಡೂ ಸೇರಿ ಒಡೆಯುತ್ತವೆ. ಡ್ರಿಲ್ ಹಿಡಿಯುವುದು ದೊಡ್ಡವರು, ಚುಕ್ಕಿ ತೋರಿಸುವುದು ಮಕ್ಕಳು.

6. ಚುಕ್ಕಿ ಸೇರಿಸುವ ಎಳೆಗಳನ್ನು ಆರಪಾರ ಕೊರೆಯಬೇಡಿ. ಸಿಪ್ಪೆಯನ್ನಷ್ಟೇ ತೆಳ್ಳಗೆ ಕೆರೆದರೆ ಸಾಕು. ಒಳಗೆ ದೀಪ ಇಟ್ಟಾಗ ತೂತುಗಳಲ್ಲಿ ಬೆಳಕು ಚುಕ್ಕಿಯಾಗಿ ಹೊಳೆಯುತ್ತದೆ, ಕೆರೆದ ಗೆರೆಯಲ್ಲಿ ಮಂದವಾದ ಕೆಂಪು ಕಾಣುತ್ತದೆ. ಕತ್ತಲೆಯಲ್ಲಿ ಇದನ್ನು ನೋಡಿದರೆ ಮಾಡಿದ ಶ್ರಮ ಮರೆತೇ ಹೋಗುತ್ತದೆ.

ಒಳಗೆ ಬ್ಯಾಟರಿಯ ಎಲ್‌ಇಡಿ ದೀಪ ಇಡಿ. ಮಕ್ಕಳು ಉದ್ದನೆ ಬಟ್ಟೆ ಹಾಕಿಕೊಂಡು ಮಿಠಾಯಿಗೆ ಬರುವ ಮೆಟ್ಟಿಲಲ್ಲಿ ಬೆಂಕಿ ಬೇಡ. ಕೊರೆದ ಕಾಯಿಗೆ ಬೂಸ್ಟು ಹಿಡಿಯದಿರಲಿ ಅಂತ ಬ್ಲೀಚ್ ನೀರು ಸಿಂಪಡಿಸುವ ರೂಢಿ ಇಲ್ಲಿದೆ. ನಾನು ಅದಕ್ಕೆ ಹೋಗುವುದಿಲ್ಲ, ಯಾಕೆಂದರೆ ಆಮೇಲೆ ಅದನ್ನು ಯಾವ ಪ್ರಾಣಿಗೂ ಹಾಕುವಂತಿಲ್ಲ. ರಾತ್ರಿ ತಂಪಾದ ಗರಾಜ್‌ಗೆ ಸೇರಿಸಿದರೆ ಸಾಕು. ಮತ್ತೆ ಒಂದು ಮಾತು: ಕೊರೆದು ಹೊರಗಿಟ್ಟ ಕಾಯಿಯನ್ನು ಯಾವ ಕಾರಣಕ್ಕೂ ಅಡುಗೆಗೆ ತರಬೇಡಿ.

ಸೇವಂತಿಗೆ ಕುಂಡ

ಕುಂಬಳಕಾಯಿಯ ಪಕ್ಕದಲ್ಲೇ ಕುಂಡಗಳಲ್ಲಿ 'ಮಮ್ಸ್' ಮಾರುತ್ತಾರಲ್ಲ, ಅದು ನಮ್ಮ ಸೇವಂತಿಗೆಯೇ. ತೊಟ್ಟಿನ ಭಾಗ ಅಗಲವಾಗಿ ಕೊಯ್ದು ಒಳಗೆಲ್ಲ ತೆಗೆದು, ತಳಕ್ಕೆ ನಾಲ್ಕೈದು ತೂತು ಹಾಕಿ, ಸೇವಂತಿಗೆಯನ್ನು ಕುಂಡದ ಸಮೇತ ಒಳಗಿಡಿ. ಮಣ್ಣು ನೇರ ತುಂಬಿದರೆ ಕಾಯಿ ಬೇಗ ಕೊಳೆಯುತ್ತದೆ. ಕಾಯಿ ಮೆತ್ತಗಾದಾಗ ಕುಂಡ ಎತ್ತಿಟ್ಟುಕೊಳ್ಳಿ. ಇಷ್ಟೇ.

ಈಗ ಅಡುಗೆಮನೆಗೆ

ರಂಗೋಲಿ ಒರೆಸಿ ಕಾಯಿ ಹೆಚ್ಚಿದ ಮೇಲೆ ಮೊದಲ ಕೆಲಸ, ಒಂದು ಚೂರು ಹಸಿ ತಿರುಳನ್ನು ನಾಲಿಗೆಗೆ ತಾಗಿಸಿ ನೋಡುವುದು. ಕಹಿ ಇದ್ದರೆ ಉಗಿದು ಇಡೀ ಕಾಯಿ ಬಿಸಾಡಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ಹಿಡಿಸುತ್ತದೆ. ಅಂಗಡಿಯ ಅಡುಗೆ ಕಾಯಿಯಲ್ಲಿ ಇದು ಅಪರೂಪ. ಮೈಮೇಲೆ ಗಂಟುಗಂಟಾಗಿ, ಬಣ್ಣಬಣ್ಣದ ಪಟ್ಟಿ ಇರುವ ಅಲಂಕಾರದ ಪುಟ್ಟ ಕಾಯಿಗಳನ್ನು ಮಾತ್ರ ತಿನ್ನಲು ಹೋಗಲೇಬೇಡಿ.

*ಗಾರಿಗೆ.* ಉತ್ತರ ಕರ್ನಾಟಕದ ಈ ಸಿಹಿ ಪೂರಿಯನ್ನು ಇಲ್ಲಿ ಮಾಡುವಾಗ ಸೋಲುವುದು ಒಂದೇ ಕಾರಣಕ್ಕೆ, ನೀರಿಗೆ. ಸಿಪ್ಪೆ ತೆಗೆದು ತುರಿದ ಬಟರ್‌ನಟ್ 2 ಕಪ್, ಪುಡಿ ಮಾಡಿದ ಬೆಲ್ಲ 1 ಕಪ್. ದಪ್ಪ ತಳದ ಪಾತ್ರೆಯಲ್ಲಿ ಒಂದು ಚಮಚ ತುಪ್ಪ ಹಾಕಿ ತುರಿಯನ್ನು ಹಸಿ ವಾಸನೆ ಹೋಗುವವರೆಗೆ ಬಾಡಿಸಿ, ಬೆಲ್ಲ ಸೇರಿಸಿ. ಬೆಲ್ಲ ಕರಗಿದಾಗ ಎಲ್ಲ ನೀರುನೀರಾಗಿ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ. ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಆ ಗೆರೆ ಒಂದು ಕ್ಷಣ ಮುಚ್ಚದೆ ನಿಲ್ಲಬೇಕು, ಅಷ್ಟು ಗಟ್ಟಿ ಆಗಲಿ. ಇಳಿಸಿ ಏಲಕ್ಕಿ, ಚಿಟಿಕೆ ಉಪ್ಪು, ಎರಡು ಚಮಚ ಗಸಗಸೆ ಹಾಕಿ. ಉಗುರುಬೆಚ್ಚಗಾದ ಮೇಲೆ ಗೋಧಿಹಿಟ್ಟು 2 ಕಪ್, ಚಿರೋಟಿ ರವೆ ಕಾಲು ಕಪ್ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ನಾದಿ. ನೀರು ಒಂದು ಹನಿಯೂ ಬೇಡ. ಪೂರಿ ಹಿಟ್ಟಿನಷ್ಟು ಗಟ್ಟಿ ಬಂದಾಗ ಹಿಟ್ಟು ಹಾಕುವುದನ್ನು ನಿಲ್ಲಿಸಿ.

ಇಪ್ಪತ್ತು ನಿಮಿಷ ನೆನೆದರೆ ಸಾಕು. ಬೆಲ್ಲದ ಹಿಟ್ಟು ಇಟ್ಟಷ್ಟೂ ಸಡಿಲವಾಗುತ್ತದೆ, ಆಗ ಎಣ್ಣೆ ಕುಡಿಯುತ್ತದೆ. ಎಣ್ಣೆ ಸವರಿದ ಜಿಪ್‌ಲಾಕ್ ಹಾಳೆಯ ಮೇಲೆ ಅಂಗೈ ಅಗಲ ತಟ್ಟಿ, ಪೂರಿಗಿಂತ ತುಸು ದಪ್ಪ ಇರಲಿ. ಉರಿ ಮಧ್ಯಮ. ಎಣ್ಣೆ ಹೆಚ್ಚು ಕಾದರೆ ಬೆಲ್ಲ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಆರಿದ ಮೇಲೆ ಡಬ್ಬಿಗೆ ತುಂಬಿ. ಎರಡನೇ ದಿನದ ಗಾರಿಗೆಗೆ ಇನ್ನೂ ರುಚಿ ಜಾಸ್ತಿ.

*ದೋಸೆ.* 2 ಕಪ್ ದೋಸೆ ಅಕ್ಕಿ ನಾಲ್ಕು ಗಂಟೆ ನೆನೆಸಿ, 2 ಕಪ್ ಹಸಿ ತುರಿ, ನಾಲ್ಕು ಒಣಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರಿಸಿ ರುಬ್ಬಿ. ಹುಳಿ ಬರಿಸುವುದು ಬೇಡ. ಮುಚ್ಚಿ ಬೇಯಿಸಿ, ಮೇಲೆ ಬೆಣ್ಣೆ ಇಟ್ಟು ತಿನ್ನಿ. ಹೊರಗೆ ಥಂಡಿ ಗಾಳಿ ಬೀಸುವ ಬೆಳಗ್ಗೆ ಇದಕ್ಕಿಂತ ಬೇರೆ ತಿಂಡಿ ಬೇಕೇ?

*ಸಾಸಿವೆ.* ಹೋಳುಗಳನ್ನು ಉಪ್ಪು, ಚೂರು ಬೆಲ್ಲ ಹಾಕಿ ಬೇಯಿಸಿ ಆರಿಸಿ. ಅರ್ಧ ಕಪ್ ತೆಂಗಿನತುರಿಗೆ ಒಂದು ಟೀ ಚಮಚ ಹಸಿ ಸಾಸಿವೆ, ಎರಡು ಒಣಮೆಣಸಿನಕಾಯಿ ಹಾಕಿ ರುಬ್ಬಿ ಬೆರೆಸಿ, ಮೊಸರು ಸೇರಿಸಿ ಒಗ್ಗರಣೆ ಕೊಡಿ. ಬಿಸಿ ಇರುವಾಗ ಮೊಸರು ಹಾಕಿದರೆ ಒಡೆಯುತ್ತದೆ.

*ಸಿಪ್ಪೆ, ತಿರುಳು.* ಬಟರ್‌ನಟ್, ಕಬೋಚಾ ಎರಡರ ಸಿಪ್ಪೆಯೂ ಚಟ್ನಿಗೆ ಬರುತ್ತದೆ. ಚೆನ್ನಾಗಿ ತೊಳೆದು ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಮೆತ್ತಗಾಗುವವರೆಗೆ ಹುರಿದು, ಹುರಿದ ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆ, ತೆಂಗಿನತುರಿ ಜೊತೆ ತರಿತರಿಯಾಗಿ ರುಬ್ಬಿ. ಕೊರೆಯುವ ಕಾಯಿಯ ಸಿಪ್ಪೆ ಮಾತ್ರ ಬೇಡ, ಅದು ತೊಗಲು. ಬೀಜದ ಸುತ್ತಲಿನ ಮೆತ್ತನೆ ನಾರನ್ನು ಜೀರಿಗೆ, ಮೆಣಸಿನ ಕಾಳಿನ ಜೊತೆ ತುಪ್ಪದಲ್ಲಿ ಹುರಿದು, ತೆಂಗಿನಕಾಯಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ.

ಬೀಜ

ನಾರಿನಿಂದ ಬೀಜ ಬಿಡಿಸಲು ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ ಕಿವುಚಿ. ಬೀಜ ತೇಲುತ್ತದೆ, ನಾರು ಮುಳುಗುತ್ತದೆ. ಸೋಸಿ ಉಪ್ಪು ನೀರಿನಲ್ಲಿ ಹತ್ತು ನಿಮಿಷ ಕುದಿಸಿ. ಇದನ್ನು ಬಿಡಬೇಡಿ. ಉಪ್ಪು ಒಳಗಿನವರೆಗೂ ಹಿಡಿಯುತ್ತದೆ, ಸಿಪ್ಪೆಯ ಗಡಸೂ ತಗ್ಗುತ್ತದೆ. ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿಸಿ, ಒಂದು ಚಮಚ ಎಣ್ಣೆ, ಅಚ್ಚಖಾರದ ಪುಡಿ, ಇಂಗು ಹಾಕಿ ಕಲಸಿ 325 ಡಿಗ್ರಿ ಫ್ಯಾರನ್‌ಹೀಟ್ ಓವನ್‌ನಲ್ಲಿ 20ರಿಂದ 25 ನಿಮಿಷ. ನಡುವೆ ಎರಡು ಸಲ ಕೈಯಾಡಿಸಿ. ಸಂಜೆ ಚಹಾದ ಜೊತೆ ಕಡಲೆಕಾಯಿಯ ಹಾಗೆ ಖಾಲಿಯಾಗುತ್ತದೆ. ಚಟ್ನಿ ಪುಡಿ ಮಾಡುವ ಆಸೆ ಇದ್ದರೆ ಅಂಗಡಿಯಲ್ಲಿ ಸಿಗುವ, ಸಿಪ್ಪೆ ಇಲ್ಲದ ಹಸಿರು ಬೀಜವೇ ಒಳ್ಳೆಯದು. ದೊಡ್ಡ ಕಾಯಿಯ ಬೀಜದ ಸಿಪ್ಪೆ ಪುಡಿಯಲ್ಲಿ ಹೊಟ್ಟಿನ ಹಾಗೆ ಗಂಟಲಿಗೆ ಸಿಕ್ಕುತ್ತದೆ.

ಉಳಿದದ್ದು ಫ್ರೀಜರ್‌ಗೆ

ಕಾಯಿಯನ್ನು ಎರಡು ಹೋಳು ಮಾಡಿ, ಕೊಯ್ದ ಕಡೆ ಕೆಳಗೆ ಬರುವಂತೆ ತಟ್ಟೆಯಲ್ಲಿಟ್ಟು 400 ಡಿಗ್ರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಿ. ಫೋರ್ಕ್ ಸಲೀಸಾಗಿ ಇಳಿದರೆ ಬೆಂದಿದೆ. ತಿರುಳು ತೆಗೆದು ನುಣ್ಣಗೆ ಅರೆದು ತೆಳ್ಳನೆ ಬಟ್ಟೆಯಲ್ಲಿ ಒಂದೆರಡು ಗಂಟೆ ಸೋರಲು ಬಿಡಿ. ಇಳಿದ ನೀರನ್ನು ಸಾರಿಗೆ ಹಾಕಿ. ತಿರುಳನ್ನು ಒಂದೊಂದು ಕಪ್ ಅಳೆದು ಚೀಲಕ್ಕೆ ತುಂಬಿ ಚಪ್ಪಟೆ ಮಾಡಿ ಫ್ರೀಜ್ ಮಾಡಿದರೆ ಸಂಕ್ರಾಂತಿ ದಾಟಿದರೂ ಇರುತ್ತದೆ.

ಇದನ್ನು ಗಾಜಿನ ಬಾಟಲಿಗೆ ತುಂಬಿ ಮನೆಯಲ್ಲೇ ಕ್ಯಾನಿಂಗ್ ಮಾಡಲು ಮಾತ್ರ ಹೋಗಬೇಡಿ. ಅಮೆರಿಕದ ಕೃಷಿ ಇಲಾಖೆಯೇ ಬೇಡ ಅನ್ನುತ್ತದೆ. ಕುಂಬಳಕಾಯಿಯಲ್ಲಿ ಹುಳಿ ಅಂಶ ಕಡಿಮೆ, ಅರೆದಾಗ ಗಟ್ಟಿಯಾಗುವುದರಿಂದ ಶಾಖ ನಡುವಿನವರೆಗೆ ಸರಿಯಾಗಿ ಮುಟ್ಟುವುದಿಲ್ಲ. ಬಾಟುಲಿಸಂ ಎಂಬ ವಿಷಬಾಧೆ ತರುವ ಬ್ಯಾಕ್ಟೀರಿಯಾ ಉಳಿದುಬಿಡಬಹುದು, ಅದು ಪ್ರಾಣಕ್ಕೇ ಕುತ್ತು.

ಮೊಟ್ಟೆ ಇಲ್ಲದ ಪೈ

ಥ್ಯಾಂಕ್ಸ್‌ಗಿವಿಂಗ್ ನವೆಂಬರ್ ನಾಲ್ಕನೇ ಗುರುವಾರ. ಊಟಕ್ಕೆ ಕರೆದವರ ಮನೆಯಲ್ಲಿ ಪಂಪ್ಕಿನ್ ಪೈ ಇದ್ದೇ ಇರುತ್ತದೆ, ಅದಕ್ಕೆ ಮೊಟ್ಟೆ ಹಾಕಿರುತ್ತಾರೆ. ಮೊಟ್ಟೆ ತಿನ್ನದವರು ಸುಮ್ನೆ ನೋಡುತ್ತಾ ಕೂರುವುದು ಬೇಡ, ಒಂದು ಪೈ ನೀವೇ ಮಾಡಿ ಒಯ್ಯಿರಿ. 425 ಗ್ರಾಂನ ಒಂದು ಡಬ್ಬಿ ಕುಂಬಳ, ಗಟ್ಟಿ ತೆಂಗಿನ ಹಾಲು 1 ಕಪ್, ಬೆಲ್ಲದ ಪುಡಿ ಮುಕ್ಕಾಲು ಕಪ್, ಕಾರ್ನ್‌ಫ್ಲೋರ್ (ಇಲ್ಲಿನ 'ಕಾರ್ನ್ ಸ್ಟಾರ್ಚ್') ಕಾಲು ಕಪ್, ಚಕ್ಕೆ ಪುಡಿ 1 ಟೀ ಚಮಚ, ಒಣಶುಂಠಿ ಅರ್ಧ, ಜಾಯಿಕಾಯಿ ಕಾಲು, ಚಿಟಿಕೆ ಲವಂಗ, ಚಿಟಿಕೆ ಉಪ್ಪು. ಎಲ್ಲ ಸೇರಿಸಿ ಗಂಟಿಲ್ಲದಂತೆ ಕಡೆದು ಪೈ ಕ್ರಸ್ಟ್‌ಗೆ ಸುರಿದು 350 ಡಿಗ್ರಿಯಲ್ಲಿ 55ರಿಂದ 60 ನಿಮಿಷ ಇಡಿ. ತೆಗೆದಾಗ ನಡುವೆ ಸ್ವಲ್ಪ ಅಲುಗುತ್ತದೆ, ಗಾಬರಿ ಬೇಡ. ರಾತ್ರಿಯಿಡೀ ಫ್ರಿಜ್‌ನಲ್ಲಿದ್ದರೆ ಗಟ್ಟಿಯಾಗುತ್ತದೆ. ಅಂಗಡಿಯ ಕ್ರಸ್ಟ್ ತರುವಾಗ ಲೇಬಲ್ ಓದಿ, ಕೆಲವಕ್ಕೆ ಹಂದಿ ಕೊಬ್ಬು ಹಾಕಿರುತ್ತಾರೆ.

ಹಬ್ಬ ಮುಗಿದ ಮೇಲೆ

ಕೊರೆದ ಕಾಯಿಗೆ ಬಣ್ಣ, ಮೇಣ, ಬ್ಲೀಚ್ ತಾಗಿಲ್ಲದಿದ್ದರೆ, ಬೂಸ್ಟು ಬರುವ ಮುಂಚೆ ಕೋಳಿ, ಆಡು ಸಾಕಿದವರನ್ನು ಕೇಳಿ, ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಹಿತ್ತಲಿಗೆ ಬರುವ ಜಿಂಕೆಗೆ ಹಾಕುವ ಮುಂಚೆ ನಿಮ್ಮ ರಾಜ್ಯದ ಕಾನೂನು ನೋಡಿ. ಜಿಂಕೆಗಳಲ್ಲಿ ಹರಡುವ ಒಂದು ಮಾರಕ ಕಾಯಿಲೆಯ ಕಾರಣಕ್ಕೆ ಹಲವು ಕಡೆ ಇದಕ್ಕೆ ನಿಷೇಧವಿದೆ. ಹ್ಯಾಲೋವೀನ್ ಮುಗಿದ ವಾರ ಕುಂಬಳಕಾಯಿಗಳನ್ನು ಗೊಬ್ಬರಕ್ಕೆಂದು ಸಂಗ್ರಹಿಸುವ ಊರುಗಳೂ ಇವೆ, ನಿಮ್ಮ ಊರಿನಲ್ಲಿ ವಿಚಾರಿಸಿ.

ಸ್ವಂತ ಜಾಗ ಇದ್ದರೆ ಬೀಜವನ್ನೆಲ್ಲ ತೆಗೆದು, ಗುದ್ದಲಿಯಿಂದ ಕೊಚ್ಚಿ, ಒಂದಡಿ ಗುಂಡಿಗೆ ಹಾಕಿ ಮೇಲೆ ಒಣ ಎಲೆ ಮುಚ್ಚಿ. ಬೀಜ ಬಿಟ್ಟರೆ ಮುಂದಿನ ವರ್ಷ ಅಲ್ಲೇ ಬಳ್ಳಿ ಏಳುತ್ತದೆ. ಪುಕ್ಕಟೆ ಬಳ್ಳಿ ಬಂತೆಂದು ಅದರ ಕಾಯಿ ಅಡುಗೆಗೆ ತರುವುದು ಸರಿಯಲ್ಲ. ಪೆಪೊ ಜಾತಿಯ ಕಾಯಿಗಳು ಅಲಂಕಾರದ ಕಹಿ ಕಾಯಿಗಳ ಜೊತೆ ಸುಲಭವಾಗಿ ಬೆರಕೆಯಾಗುತ್ತವೆ, ಮುಂದಿನ ಪೀಳಿಗೆಯಲ್ಲಿ ಆ ಕಹಿ ಬರಬಹುದು. ಬೆಳೆಯುವ ಮನಸ್ಸಿದ್ದರೆ ಬಟರ್‌ನಟ್ ಬೀಜದ ಪೊಟ್ಟಣ ತನ್ನಿ. ಇಲ್ಲಿನ ಮೂಲನಿವಾಸಿಗಳು ಮುಸುಕಿನ ಜೋಳ, ಬೀನ್ಸ್, ಕುಂಬಳ ಮೂರನ್ನೂ ಒಟ್ಟಿಗೆ ಬೆಳೆಯುತ್ತಿದ್ದರು. ಜೋಳದ ದಂಟಿಗೆ ಬೀನ್ಸ್ ಹಬ್ಬುತ್ತದೆ, ಕುಂಬಳದ ಎಲೆ ನೆಲ ಮುಚ್ಚಿ ಕಳೆ ತಡೆಯುತ್ತದೆ. ಒಂದೇ ಹೊಲದಲ್ಲಿ ಹಲವು ಬೆಳೆ ಹಾಕುವ ನಮ್ಮ ಅಕ್ಕಡಿ ಸಾಲು ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಮೇ ಕೊನೆಗೆ ಹಿಮದ ಭಯ ಹೋದ ಮೇಲೆ, ಈಗ ಕಾಯಿ ಹೂತ ಗುಂಡಿಯ ಮೇಲೆಯೇ ಮೊದಲು ಜೋಳ ಹಾಕಿ. ಅದು ಗೇಣುದ್ದ ಬೆಳೆದಾಗ ಉಳಿದೆರಡನ್ನೂ ಊರಿ. ಬಟರ್‌ನಟ್ ಬಲಿಯಲು ನೂರು ದಿನಕ್ಕಿಂತ ಜಾಸ್ತಿ ಬೇಕು, ಹಾಗಾಗಿ ಜೂನ್ ಎರಡನೇ ವಾರ ದಾಟಿಸಬೇಡಿ.